ಕಡಲಲ್ಲಿ ಉಳಿದು ಗಾಳಿಯಲ್ಲಿ ಸವೆದ ಹಾಲೆಂಡ್-1

ಬ್ರಿಟಿಷ್ ನೌಕಾಪಡೆಯ ಮೊದಲ ಜಲಾಂತರ್ಗಾಮಿ ‘ಹಾಲೆಂಡ್-1’ ನೀರಿಗಿಳಿದದ್ದು 1901ರ ಅಕ್ಟೋಬರ್ 2ರಂದು, ಇಂಗ್ಲೆಂಡಿನ ಬ್ಯಾರೋ ಪಟ್ಟಣದ ವಿಕರ್ಸ್ ಹಡಗು ಕಾರ್ಖಾನೆಯಲ್ಲಿ. ಸುಮಾರು 19 ಮೀಟರ್ ಉದ್ದದ ಉಕ್ಕಿನ ಒಡಲು, ಅದರೊಳಗೆ ಪೆಟ್ರೋಲ್ ಎಂಜಿನ್, ಬ್ಯಾಟರಿಗಳು, ಒಂದೇ ಟಾರ್ಪೆಡೊ ಕೊಳವೆ ಮತ್ತು ಎಂಟು ಮಂದಿ ಸಿಬ್ಬಂದಿ. ಮುಚ್ಚಿದ ಜಾಗದಲ್ಲಿ ಪೆಟ್ರೋಲ್ ಆವಿ ಎಷ್ಟು ಅಪಾಯಕಾರಿ ಎಂಬುದು 1903ರಲ್ಲಿ ಒಳಗೇ ನಡೆದ ಸ್ಫೋಟದಿಂದ ಗೊತ್ತಾಯಿತು. ಯುದ್ಧವನ್ನು ಕಾಣದೆ, ಬಹುಪಾಲು ತರಬೇತಿಯಲ್ಲೇ ಕಾಲ ಕಳೆದ ಈ ಹಡಗನ್ನು 1913ರಲ್ಲಿ ಗುಜರಿಗೆ ಮಾರಲಾಯಿತು. ಒಡೆಯಲೆಂದು ಎಳೆದೊಯ್ಯುತ್ತಿದ್ದಾಗ ಇಂಗ್ಲೆಂಡಿನ ನೈಋತ್ಯ ಕರಾವಳಿಯಾಚೆಯ ಎಡ್ಡಿಸ್ಟೋನ್ ದೀಪಸ್ತಂಭದ ಬಳಿ ಅದು ಮುಳುಗಿತು. ಒಳಗೆ ಯಾರೂ ಇರಲಿಲ್ಲ.

ಲೋಹದ ಸವೆತವನ್ನೇ ವೃತ್ತಿಯಾಗಿ ಮಾಡಿಕೊಂಡ ನನ್ನಂಥವರಿಗೆ ಮುಂದಿನ ಕಥೆಯೇ ಮುಖ್ಯ. 1981ರಲ್ಲಿ ಪತ್ತೆಯಾಗಿ 1982ರಲ್ಲಿ ಮೇಲೆ ಬಂದ ಹಡಗು ಸುಮಾರು ಎಪ್ಪತ್ತು ವರ್ಷ ಕಡಲ ತಳದಲ್ಲಿದ್ದರೂ ಆಶ್ಚರ್ಯ ಹುಟ್ಟಿಸುವಷ್ಟು ಗಟ್ಟಿಯಾಗಿತ್ತು. ಅದನ್ನು ತೊಳೆದು, ತುಕ್ಕುನಿರೋಧಕ ಲೇಪ ಹಚ್ಚಿ, ದಕ್ಷಿಣ ಇಂಗ್ಲೆಂಡಿನ ಗಾಸ್‌ಪೋರ್ಟ್‌ನ ಸಂಗ್ರಹಾಲಯದಲ್ಲಿ ಇರಿಸಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಲೇಪದಡಿಯಿಂದಲೇ ತುಕ್ಕು ಎದ್ದಿತು.

ತುಕ್ಕು ಉಜ್ಜಿ ಬಣ್ಣ ಬಳಿದರೆ ಸಾಲದೇ ಎಂದು ಕೇಳುವವರಿಗೆ ನಾನು ಇದೇ ಹಡಗನ್ನು ತೋರಿಸುತ್ತೇನೆ. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡ್ ತುಕ್ಕಿನ ಸಣ್ಣ ರಂಧ್ರಗಳ ಮೂಲಕ ಇಳಿದು, ತುಕ್ಕಿನ ಪದರಕ್ಕೂ ಅದರಡಿಯ ತುಕ್ಕು ಹಿಡಿಯದ ಲೋಹಕ್ಕೂ ನಡುವೆ ಸೇರಿಕೊಂಡಿರುತ್ತದೆ. ಅಲ್ಲಿಗೆ ಬ್ರಷ್ಷೂ ತಲುಪದು, ಸಿಹಿನೀರಿನ ತೊಳೆತವೂ ಸಾಲದು. ಕಡಲ ತಳದಲ್ಲಿ ಆಮ್ಲಜನಕ ಕಡಿಮೆ ಸಿಗುವಾಗ ನಿಧಾನವಾಗಿದ್ದ ಸವೆತ, ಗಾಳಿ ಮತ್ತು ತೇವಾಂಶ ಒಟ್ಟಿಗೆ ಸಿಕ್ಕೊಡನೆ ಚುರುಕಾಗುತ್ತದೆ. ಕ್ಲೋರೈಡ್ ತಾನು ಖರ್ಚಾಗದೆ ಮತ್ತೆ ಮತ್ತೆ ಲೋಹವನ್ನು ಕರಗಿಸುತ್ತಲೇ ಹೋಗುವುದರಿಂದ, ಮೇಲಿನ ಲೇಪ ಅದನ್ನು ಒಳಗೆ ಬಂಧಿಸಿಡುತ್ತದೆಯೇ ಹೊರತು ತಡೆಯುವುದಿಲ್ಲ.

ಹೀಗಾಗಿ 1995ರಲ್ಲಿ ಇಡೀ ಹಡಗಿನ ಸುತ್ತ ಫೈಬರ್‌ಗ್ಲಾಸ್ ತೊಟ್ಟಿ ಕಟ್ಟಿ, ಅದರಲ್ಲಿ ಸೋಡಿಯಂ ಕಾರ್ಬೊನೇಟ್ ದ್ರಾವಣ ತುಂಬಿದರು. ಕ್ಷಾರದ ದ್ರಾವಣದಲ್ಲಿ ಉಕ್ಕಿನ ಮೇಲೆ ರಕ್ಷಕ ಪೊರೆ ನಿಲ್ಲುತ್ತದೆ, ಒಳಗಿನ ಕ್ಲೋರೈಡ್ ಮೆಲ್ಲಗೆ ಹೊರಗೆ ಬರುತ್ತದೆ. ಇದಕ್ಕೆ ಆತುರ ಒಗ್ಗದು. ಹಡಗು ಸುಮಾರು ನಾಲ್ಕು ವರ್ಷ ದ್ರಾವಣದಲ್ಲೇ ಇತ್ತು. 2001ರಿಂದ ಅದು ಗಾಸ್‌ಪೋರ್ಟ್‌ನಲ್ಲೇ, ತೇವಾಂಶವನ್ನು ಹತೋಟಿಯಲ್ಲಿಟ್ಟ ಪ್ರತ್ಯೇಕ ಕಟ್ಟಡದಲ್ಲಿದೆ. ಲೇಪಕ್ಕಿಂತ ಆ ಒಣಗಾಳಿಯನ್ನೇ ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಅಷ್ಟು ನೆನೆಸಿದ ಮೇಲೂ ಕೊನೆಯ ಚೂರು ಉಪ್ಪು ಉಕ್ಕನ್ನು ಬಿಟ್ಟು ಹೋಗುವುದು ಅಪರೂಪ.