ವಿಝರ್ಡ್ ಕೈಗೆ ಗುರಾಣಿ ಕೊಡುವುದು ಹೇಗೆ?

ಪ್ರಶ್ನೆ: ನಾನು ಮಂಡ್ಯದವಳು. ಮೈಸೂರಿನ ಸರಸ್ವತಿಪುರಂನಲ್ಲಿ ಗೆಳತಿಯ ಮನೆಯಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ) ಆಡುತ್ತೇವೆ, 2014ರ ರೂಲ್ಸ್. ಹೊಸ ಆಟಕ್ಕೆ ಒಬ್ಬ ವಿಝರ್ಡ್ (ಪುಸ್ತಕದಿಂದ ಮಂತ್ರ ಕಲಿಯುವ ಪಾತ್ರ) ಮಾಡುತ್ತಿದ್ದೇನೆ. ಅವಳು ಗರಡಿ ಮನೆಯಲ್ಲಿ ಬೆಳೆದ ಜಟ್ಟಿಯ ಮಗಳು. ಕವಚ ತೊಟ್ಟು, ಗುರಾಣಿ ಹಿಡಿದು ಮಂತ್ರ ಹಾಕಬೇಕು. ಆದರೆ ಮೀಡಿಯಂ ಆರ್ಮರ್, ಗುರಾಣಿ ಕೊಡುವ ಮಾಡರೇಟ್ಲಿ ಆರ್ಮರ್ಡ್ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಬೇಕಂದರೆ ಮೊದಲೇ ಲೈಟ್ ಆರ್ಮರ್ (ಹಗುರ ಕವಚ) ತೊಡಲು ಬರಬೇಕಂತೆ. ವಿಝರ್ಡ್‌ಗೆ ಯಾವ ಆರ್ಮರೂ ಬರಲ್ಲ. ಡಿಎಂ (ಆಟ ನಡೆಸುವವರು) ಹತ್ತಿರ ರಿಯಾಯಿತಿ ಕೇಳಬೇಕಾ?

ಉತ್ತರ: ರಿಯಾಯಿತಿ ಬೇಡ. ಷರತ್ತನ್ನು ಇನ್ನೊಮ್ಮೆ ಓದಿ. ಲೈಟ್ ಆರ್ಮರ್ ಬರಬೇಕು ಅಂತ ಮಾತ್ರ ಅದು ಹೇಳುತ್ತದೆ. ಎಲ್ಲಿಂದ ಕಲಿತಿರಬೇಕು ಅಂತ ಎಲ್ಲೂ ಹೇಳುವುದಿಲ್ಲ. ಕ್ಲಾಸ್ (ವಿಝರ್ಡ್, ಫೈಟರ್ ಥರದ ಕಸುಬು) ಕೊಡದಿದ್ದನ್ನು ರೇಸ್ (ಡ್ವಾರ್ಫ್, ಎಲ್ಫ್ ಥರದ ಕುಲ) ಕೊಡಬಹುದು, ಇನ್ನೊಂದು ಫೀಟ್ ಕೊಡಬಹುದು, ಬೇರೆ ಕ್ಲಾಸಿನ ಒಂದೇ ಒಂದು ಲೆವೆಲ್ ಕೊಡಬಹುದು. ಫೀಟ್ ಷರತ್ತುಗಳ ವಿಷಯದಲ್ಲಿ ಜಾಣತನ ಬೇಕಾಗುವುದು ಇಲ್ಲೇ.

ಎಲ್ಲರಿಗೂ ಮೊದಲು ಕಾಣುವ ದಾರಿ ಲೈಟ್ಲಿ ಆರ್ಮರ್ಡ್ ಫೀಟ್. ಅದಕ್ಕೆ ಷರತ್ತೇ ಇಲ್ಲ. ವಿಝರ್ಡ್‌ಗೆ ಮೊದಲ ಫೀಟ್ ಸಿಗುವ 4ನೇ ಲೆವೆಲ್‌ನಲ್ಲಿ ಅದು, ಮುಂದಿನದು ಸಿಗುವ 8ರಲ್ಲಿ ಮಾಡರೇಟ್ಲಿ ಆರ್ಮರ್ಡ್. ಆದರೆ ಗುರಾಣಿಗಾಗಿ 8ನೇ ಲೆವೆಲ್‌ವರೆಗೆ ಕಾಯುವುದು ತುಂಬಾ ಜಾಸ್ತಿ ಆಯಿತು. ನನಗೆ ಇದು ಒಪ್ಪಿಗೆ ಇಲ್ಲ.

ಅವಳು ಮೌಂಟನ್ ಡ್ವಾರ್ಫ್ ಆಗಿದ್ದರೆ ಲೈಟ್ ಮತ್ತು ಮೀಡಿಯಂ ಆರ್ಮರ್ ಹುಟ್ಟಿನಿಂದಲೇ ಬರುತ್ತದೆ. ಗುರಾಣಿ ಮಾತ್ರ ಬರಲ್ಲ. ಆದರೆ ಲೈಟ್ ಆರ್ಮರ್ ಇದೆಯಲ್ಲ, ಷರತ್ತು ಪೂರೈಸಿತು. 4ನೇ ಲೆವೆಲ್‌ನಲ್ಲಿ ಮಾಡರೇಟ್ಲಿ ಆರ್ಮರ್ಡ್ ತೆಗೆದುಕೊಂಡರೆ ಗುರಾಣಿ ಕೈಗೆ ಬರುತ್ತದೆ, ಸ್ಟ್ರೆಂತ್ (ಬಲ) ಅಥವಾ ಡೆಕ್ಸ್ಟೆರಿಟಿ (ಚುರುಕು) ಒಂದು ಅಂಕ ಏರುತ್ತದೆ. ಡೆಕ್ಸ್ಟೆರಿಟಿ 14 ಇದ್ದರೆ ಹಾಫ್ ಪ್ಲೇಟ್ ಅನ್ನುವ ಮೀಡಿಯಂ ಆರ್ಮರ್‌ಗೆ 17, ಗುರಾಣಿಗೆ 2, ಒಟ್ಟು ಎಸಿ (ಪೆಟ್ಟು ತಪ್ಪಿಸುವ ರಕ್ಷಣೆಯ ಅಂಕ) 19. ಅದೇ ಡೆಕ್ಸ್ಟೆರಿಟಿಗೆ ಮೇಜ್ ಆರ್ಮರ್ ಮಂತ್ರ ಕೊಡುವುದು 15.

ಆದರೆ ನಿಮ್ಮ ಕಥೆಗೆ ಇದಕ್ಕಿಂತ ಒಪ್ಪುವ ದಾರಿ ಒಂದಿದೆ. ಗರಡಿಯಲ್ಲಿ ಬೆಳೆದವಳು ಅಂದಿರಿ. ವಿಜಯದಶಮಿಯ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜಟ್ಟಿಗಳ ಮನೆತನ ಮನಸ್ಸಿನಲ್ಲಿತ್ತು ಅನ್ನಿಸುತ್ತದೆ. ಅಂಥವಳು ಮೊದಲು ಮೈ ಪಳಗಿಸಿ, ಆಮೇಲೆ ಪುಸ್ತಕ ಹಿಡಿದಿರುತ್ತಾಳೆ, ಅಲ್ವಾ? ಹಾಗಾದರೆ 1ನೇ ಲೆವೆಲ್ ಫೈಟರ್, 2ರಿಂದ ವಿಝರ್ಡ್. ಫೈಟರ್ ಆಗಿ ಶುರು ಮಾಡಿದವಳಿಗೆ ಎಲ್ಲ ಆರ್ಮರೂ, ಗುರಾಣಿಯೂ ಬರುತ್ತದೆ. ನೀವು ಕೇಳಿದ ಫೀಟೇ ಬೇಕಾಗುವುದಿಲ್ಲ.

ಹೀಗೆ ಎರಡು ಕ್ಲಾಸ್ ಬೆರೆಸುವ ಮಲ್ಟಿಕ್ಲಾಸ್‌ಗೂ ಷರತ್ತಿದೆ. ಸ್ಟ್ರೆಂತ್ ಅಥವಾ ಡೆಕ್ಸ್ಟೆರಿಟಿ 13, ಜೊತೆಗೆ ಇಂಟೆಲಿಜೆನ್ಸ್ 13. ಸ್ಟ್ರೆಂತ್‌ಗೇ 13 ಇಡಿ. ಯಾಕೆಂದರೆ ಚೈನ್ ಮೇಲ್ ಅನ್ನುವ ಹೆವಿ ಆರ್ಮರ್ ಕೇಳುವುದೂ ಅಷ್ಟೇ ಸ್ಟ್ರೆಂತ್. ಒಂದೇ ಅಂಕ ಎರಡು ಬಾಗಿಲು ತೆರೆಯುತ್ತದೆ. ಚೈನ್ ಮೇಲ್ 16, ಗುರಾಣಿ 2, ಫೈಟರ್‌ಗೆ ಸಿಗುವ ಡಿಫೆನ್ಸ್ ಫೈಟಿಂಗ್ ಸ್ಟೈಲ್ 1. ಇಲ್ಲೂ ಎಸಿ 19, ಅದೂ ಮೊದಲ ದಿನದಿಂದಲೇ. ಡೆಕ್ಸ್ಟೆರಿಟಿ ಕಮ್ಮಿ ಇದ್ದರೂ ಎಸಿಗೆ ನಷ್ಟವಿಲ್ಲ. ಫೈಟರ್ ಆಗಿ ಶುರು ಮಾಡುವುದರ ಇನ್ನೊಂದು ಲಾಭ ಕಾನ್ಸ್ಟಿಟ್ಯೂಷನ್ ಸೇವ್, ಅಂದರೆ ದೇಹದ ತಾಳಿಕೆಯ ಪರೀಕ್ಷೆಯಲ್ಲಿ ಪರಿಣತಿ. ಪೆಟ್ಟು ಬಿದ್ದಾಗ ಮಂತ್ರದ ಮೇಲಿನ ಕಾನ್ಸಂಟ್ರೇಷನ್ ಉಳಿಸುವುದು ಅದೇ.

ಇದಕ್ಕೆ ಬೆಲೆಯೂ ಇದೆ. ಎಲ್ಲ ಮಂತ್ರಗಳೂ ಒಂದು ಲೆವೆಲ್ ತಡ. ಪಕ್ಕದ ವಿಝರ್ಡ್ 5ರಲ್ಲಿ ಫೈರ್‌ಬಾಲ್ ಎಸೆಯುವಾಗ ನೀವು 6ಕ್ಕೆ ಕಾಯಬೇಕು. ಈ ಗುಣಗಳಿಗೆ ಅದು ದುಬಾರಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಕ್ರಮ ಮಾತ್ರ ತಿರುಗಿಸಬೇಡಿ. ಮೊದಲು ವಿಝರ್ಡ್ ಆಗಿ ಆಮೇಲೆ ಫೈಟರ್ ಲೆವೆಲ್ ತೆಗೆದುಕೊಂಡರೆ ಹೆವಿ ಆರ್ಮರ್ ಬರಲ್ಲ, ಆ ಸೇವ್ ಕೂಡ ಬರಲ್ಲ. ಫೀಟ್ ಮತ್ತು ಮಲ್ಟಿಕ್ಲಾಸ್ ಎರಡೂ 2014ರ ಪುಸ್ತಕದಲ್ಲಿ ಐಚ್ಛಿಕ ನಿಯಮಗಳು. ಹಾಗಾಗಿ ಡಿಎಂ ಹತ್ತಿರ ಕೇಳಬೇಕಾದ್ದು ಅದನ್ನು: ಈ ಆಟದಲ್ಲಿ ಇವು ಇವೆಯಾ?

ಹೀಗೆ ಉಳಿಸಿದ ಮೊದಲ ಫೀಟನ್ನು ವಾರ್ ಕ್ಯಾಸ್ಟರ್‌ಗೆ ಕೊಡಿ. ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಕೋಲು ಇದ್ದರೆ ಶೀಲ್ಡ್, ಕೌಂಟರ್‌ಸ್ಪೆಲ್ ಥರದ ಮಂತ್ರಗಳಿಗೆ ಕೈಸನ್ನೆ ಮಾಡಲು ಬರಿಗೈ ಎಲ್ಲಿದೆ? ಆ ತೊಡಕನ್ನು ಬಿಡಿಸುವುದೇ ಈ ಫೀಟ್. ಇದರ ಷರತ್ತು ಕನಿಷ್ಠ ಒಂದು ಮಂತ್ರ ಹಾಕಲು ಬರಬೇಕು ಅನ್ನುವುದು. ಇದೂ ಎಷ್ಟು ಸಡಿಲ ನೋಡಿ. ಹೈ ಎಲ್ಫ್‌ಗೆ ಹುಟ್ಟಿನಿಂದ ಬರುವ ಒಂದೇ ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಚಿಕ್ಕ ಮಂತ್ರ) ಸಾಕು, ಮಂತ್ರದ ಪುಸ್ತಕವನ್ನೇ ಮುಟ್ಟದ ಹೈ ಎಲ್ಫ್ ಫೈಟರ್ ಕೂಡ ಇದನ್ನು ತೆಗೆದುಕೊಳ್ಳಬಹುದು.

ಮಾಯಾವಸ್ತು ಹಾಕಿಕೊಂಡು ಅಂಕದ ಷರತ್ತು ಪೂರೈಸಬಹುದಾ ಅಂತಲೂ ಹಲವರು ಕೇಳುತ್ತಾರೆ. ಉದಾಹರಣೆಗೆ, ರಿಚುಯಲ್ ಕ್ಯಾಸ್ಟರ್ ಫೀಟ್‌ಗೆ ಇಂಟೆಲಿಜೆನ್ಸ್ ಅಥವಾ ವಿಸ್ಡಂ 13 ಬೇಕು. ಹೆಡ್‌ಬ್ಯಾಂಡ್ ಆಫ್ ಇಂಟೆಲೆಕ್ಟ್ ಅನ್ನುವ ಮಾಯಾ ತಲೆಪಟ್ಟಿ ಇಂಟೆಲಿಜೆನ್ಸನ್ನು 19 ಮಾಡುತ್ತದೆ. ಡಿಎಂ ಒಪ್ಪಿದರೆ ಸರಿ. ಆದರೆ ಷರತ್ತು ಕಳೆದುಹೋದರೆ ಅದು ಮತ್ತೆ ಸಿಗುವವರೆಗೆ ಫೀಟ್ ಕೆಲಸ ಮಾಡುವುದಿಲ್ಲ ಅಂತ ಪುಸ್ತಕದಲ್ಲೇ ಇದೆ. ಕಳ್ಳ ಆ ಪಟ್ಟಿ ಎತ್ತಿಕೊಂಡು ಹೋದರೆ ಫೀಟೂ ಅವನ ಹಿಂದೆ ಹೋಯಿತು. ಎರವಲು ಅಂಕವನ್ನು ನಂಬಿ ಫೀಟ್ ತೆಗೆದುಕೊಳ್ಳಬೇಡಿ ಅಂತಲೇ ನಾನು ಹೇಳುವುದು.

ನಿಮ್ಮ ಗುಂಪು ಮುಂದೆ 2024ರ ಪುಸ್ತಕಕ್ಕೆ ಬದಲಾದರೆ ವಾರ್ ಕ್ಯಾಸ್ಟರ್ ಷರತ್ತು ಬಿಗಿಯಾಗುತ್ತದೆ. 4ನೇ ಲೆವೆಲ್ ಆಗಿರಬೇಕು, ಸ್ಪೆಲ್‌ಕ್ಯಾಸ್ಟಿಂಗ್ ಅಥವಾ ಪ್ಯಾಕ್ಟ್ ಮ್ಯಾಜಿಕ್ ಅನ್ನುವ, ಕ್ಲಾಸ್ ಕೊಡುವ ಗುಣವೇ ಇರಬೇಕು. ಆ ಎಲ್ಫ್ ಫೈಟರ್‌ಗೆ ಆಗ ಕ್ಯಾಂಟ್ರಿಪ್ ಸಾಲದು, ಎಲ್ಡ್ರಿಚ್ ನೈಟ್ (ಮಂತ್ರ ಕಲಿಯುವ ಫೈಟರ್) ಆಗಬೇಕು, ಇಲ್ಲವೇ ಮಂತ್ರದ ಕ್ಲಾಸಿನ ಲೆವೆಲ್ ತೆಗೆದುಕೊಳ್ಳಬೇಕಾಗುತ್ತದೆ. ನಿಮ್ಮ ಜಟ್ಟಿಯ ಮಗಳಿಗೆ ತೊಂದರೆ ಇಲ್ಲ. ವಿಝರ್ಡ್ ಲೆವೆಲ್‌ನಿಂದ ಸ್ಪೆಲ್‌ಕ್ಯಾಸ್ಟಿಂಗ್ ಅವಳಿಗೆ ಬಂದೇ ಇರುತ್ತದೆ.