ಡಿಸ್ಕ್‌ನಲ್ಲಿ ಜಾಗ ಇದೆ, ಕಂಪ್ಯೂಟರ್ ಮಾತ್ರ ಹ್ಯಾಂಗ್: ಕೋಟಾ ಲೆಕ್ಕದ ಹಿನ್ನೆಲೆ

ಮೌಸ್ ಅಲ್ಲಾಡುತ್ತದೆ, ಆದರೆ ಎಲ್ಲಿ ಕ್ಲಿಕ್ ಮಾಡಿದರೂ ಏನೂ ಆಗುವುದಿಲ್ಲ. ಸೇವ್ ಕೊಟ್ಟ ಫೈಲ್ ಸೇವ್ ಆಗದೆ ನಿಂತಿರುತ್ತದೆ. ಎರಡು ನಿಮಿಷ, ಕೆಲವೊಮ್ಮೆ ಹತ್ತು ನಿಮಿಷ ಹೀಗೇ. ಆಮೇಲೆ ಏನೂ ನಡೆದೇ ಇಲ್ಲ ಅನ್ನುವ ಹಾಗೆ ಎಲ್ಲಾ ಸರಿಹೋಗುತ್ತದೆ. ಡಿಸ್ಕ್ ಅರ್ಧಕ್ಕರ್ಧ ಖಾಲಿ, ರ‍್ಯಾಮ್ ಬೇಕಾದಷ್ಟಿದೆ. ಲಿನಕ್ಸ್ ಬಳಸುವ ಎಷ್ಟೋ ಜನ ಇದನ್ನು ನೋಡಿ ಹಾರ್ಡ್‌ವೇರ್ ಕೆಟ್ಟಿದೆ ಅಂದುಕೊಂಡು ಸುಮ್ನೆ ಹೊಸ ಎಸ್‌ಎಸ್‌ಡಿ ಕೊಳ್ಳುತ್ತಾರೆ. ತೊಂದರೆ ಹಾಗೇ ಉಳಿಯುತ್ತದೆ.

ನಿಮ್ಮ ಫೈಲ್ ಸಿಸ್ಟಂ (ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಬಿಟಿಆರ್‌ಎಫ್‌ಎಸ್ (Btrfs) ಆಗಿದ್ದರೆ, ಅದರಲ್ಲಿ ಕೋಟಾ, ಅಂದರೆ ಯಾರು ಎಷ್ಟು ಜಾಗ ಬಳಸಬಹುದು ಎಂಬ ಮಿತಿಯ ಲೆಕ್ಕ, ಆನ್ ಆಗಿದ್ದರೆ, ಮೊದಲ ಅನುಮಾನ ಅದರ ಮೇಲೇ ಇರಲಿ. ಕಂಪ್ಯೂಟರ್ ಆಗ ಲೆಕ್ಕ ಮಾಡುತ್ತಾ ಕೂತಿರುತ್ತದೆ. ಇಷ್ಟೊಂದು ಲೆಕ್ಕ ಮಾಡುವಂಥದ್ದು ಏನಿದೆ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದೇ ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಂಡು ಬಳಸುತ್ತಿದ್ದ ಕಾಲದಲ್ಲಿ ಡಿಸ್ಕ್ ಜಾಗಕ್ಕೆ ಮಿತಿ ಹಾಕದೆ ವಿಧಿ ಇರಲಿಲ್ಲ. 1969ರಲ್ಲಿ ಎಂಐಟಿಯಲ್ಲಿ ಬಳಕೆಗೆ ಬಂದ ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಈ ಮಿತಿ ಡೈರೆಕ್ಟರಿಗೆ (ಫೋಲ್ಡರಿಗೆ) ಅಂಟಿಕೊಂಡಿತ್ತು. ಯುನಿಕ್ಸ್ ಬೇರೆ ದಾರಿ ಹಿಡಿಯಿತು. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಎಲ್ಜ್ ಬರೆದ ಕೋಟಾ ವ್ಯವಸ್ಥೆ 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯ ಜೊತೆ ಎಲ್ಲೆಡೆ ಹೋಯಿತು. ಇದರಲ್ಲಿ ಮಿತಿ ಬಳಕೆದಾರನ ಮೇಲೆ. ಸಾಫ್ಟ್ ಲಿಮಿಟ್ ದಾಟಿದರೆ ಎಚ್ಚರಿಕೆ, ಹಾರ್ಡ್ ಲಿಮಿಟ್ ಮುಟ್ಟಿದರೆ ಮುಂದೆ ಒಂದು ಬೈಟೂ ಇಲ್ಲ. ಇವತ್ತಿಗೂ ಲಿನಕ್ಸ್‌ನಲ್ಲಿ ನೋಡುವುದು ಈ ಎರಡು ಗೆರೆಗಳನ್ನೇ. ಸಾಫ್ಟ್ ಲಿಮಿಟ್ ದಾಟಿದ ಮೇಲೆ ಸಿಗುವ ಗಡುವು ಸಾಮಾನ್ಯವಾಗಿ 7 ದಿನ.

ಆ ಕಾಲದ ಫೈಲ್ ಸಿಸ್ಟಂಗಳಲ್ಲಿ ಲೆಕ್ಕ ತುಂಬಾ ಸುಲಭ. ಒಂದು ಬ್ಲಾಕ್ (ಡಿಸ್ಕ್‌ನ ಒಂದು ಚಿಕ್ಕ ತುಂಡು) ಒಂದೇ ಫೈಲಿನದು, ಒಂದು ಫೈಲಿಗೆ ಒಬ್ಬನೇ ಮಾಲೀಕ. ಬ್ಲಾಕ್ ಸೇರಿದರೆ ಅವನ ಖಾತೆಗೆ ಒಂದು ಕೂಡಿಸು, ಹೋದರೆ ಒಂದು ಕಳೆ. ಒಂದು ಕೂಡಿಸೋಕೆ ಎಷ್ಟು ಹೊತ್ತು ಬೇಕು? ಕಂಪ್ಯೂಟರ್ ನಿಲ್ಲುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಆಗಲೂ ಕಿರಿಕಿರಿ ಇರಲಿಲ್ಲ ಅಂತಲ್ಲ. ಕರೆಂಟ್ ಹೋಗಿ ಮೆಷಿನ್ ದಿಢೀರ್ ಆಫ್ ಆದರೆ ಖಾತೆಯ ಲೆಕ್ಕಕ್ಕೂ ಡಿಸ್ಕ್‌ನಲ್ಲಿ ನಿಜಕ್ಕೂ ಇರುವುದಕ್ಕೂ ತಾಳೆ ಬೀಳುತ್ತಿರಲಿಲ್ಲ. ಮುಂದಿನ ಸಲ ಬೂಟ್ ಆಗುವಾಗ ಕೋಟಾಚೆಕ್ ಎಂಬ ಪ್ರೋಗ್ರಾಂ ಎಲ್ಲ ಫೈಲುಗಳನ್ನೂ ಒಂದೊಂದಾಗಿ ಎಣಿಸಬೇಕಿತ್ತು. ದೊಡ್ಡ ಡಿಸ್ಕ್ ಇದ್ದರೆ ಕಾಯಲೇಬೇಕು. ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಬಂದ ಮೇಲೆ, ಎಕ್ಸ್‌ಟ್4 (ext4) ಎಂಬ ಲಿನಕ್ಸ್ ಫೈಲ್ ಸಿಸ್ಟಂ ಈ ಲೆಕ್ಕವನ್ನು ತನ್ನೊಳಗೇ ಇಟ್ಟುಕೊಳ್ಳಲು ಶುರು ಮಾಡಿದ ಮೇಲೆ ಆ ಗೋಳು ಬಹುಮಟ್ಟಿಗೆ ತಪ್ಪಿತು.

ಮಿತಿ ನಿಜವಾಗಿಯೂ ಮುಗಿದಾಗ ಆಗುವ ತೊಂದರೆ ಮಾತ್ರ ಅಂದಿನಿಂದ ಇಂದಿನವರೆಗೂ ಇದೆ. ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಸ್ಕ್ರೀನ್ ಒಮ್ಮೆ ಕಪ್ಪಾಗಿ ಮತ್ತೆ ಲಾಗಿನ್ ಪುಟಕ್ಕೇ ಬರುತ್ತದೆ. ಡೆಸ್ಕ್‌ಟಾಪ್ ಶುರುವಾಗುವಾಗ ಹೋಂ ಡೈರೆಕ್ಟರಿಯಲ್ಲಿ ಕೆಲವು ಚಿಕ್ಕ ಫೈಲುಗಳನ್ನು ಬರೆಯಬೇಕು, ಕೋಟಾ ಮುಗಿದಿದ್ದರೆ ಬರೆಯೋಕೆ ಆಗುವುದಿಲ್ಲ. ಡಿಎಫ್ ಕಮಾಂಡ್ ನೋಡಿದರೆ ಡಿಸ್ಕ್‌ನಲ್ಲಿ ಜಾಗ ಕಾಣುತ್ತದೆ, ಏಕೆಂದರೆ ಅದು ತೋರಿಸುವುದು ಇಡೀ ಡಿಸ್ಕ್‌ನ ಲೆಕ್ಕ. ನಿಮ್ಮ ಪಾಲು ಎಷ್ಟು ಅಂತ ಹೇಳುವುದು ಕೋಟಾ ಕಮಾಂಡ್. ಅದನ್ನು ಟೆಕ್ಸ್ಟ್ ಕನ್ಸೋಲ್‌ನಿಂದ (ಚಿತ್ರಗಳಿಲ್ಲದ, ಬರೀ ಅಕ್ಷರಗಳ ಪರದೆಯಿಂದ) ಓಡಿಸಿ. ಜಾಗದ ಮಿತಿ ಸರಿಯಿದ್ದರೆ ಫೈಲುಗಳ ಸಂಖ್ಯೆಯ ಮಿತಿಯನ್ನೂ ನೋಡಿ, ಅದು ಬೇರೆಯೇ ಇರುತ್ತದೆ. ಬ್ರೌಸರ್ ಕ್ಯಾಶ್‌ನ ಸಾವಿರಾರು ಪುಟ್ಟ ಫೈಲುಗಳು ಇದನ್ನು ತಿಂದು ಮುಗಿಸಿರಬಹುದು. ಇದಕ್ಕೆ ಮದ್ದು ಸರಳ: ಅಳಿಸಿ, ಇಲ್ಲವೇ ಮಿತಿ ಏರಿಸಿ ಅಂತ ಅಡ್ಮಿನ್‌ಗೆ ಹೇಳಿ.

ಇನ್ನೊಂದು ಬಗೆಯ ಹ್ಯಾಂಗ್ ಬಂದದ್ದು ಕಾಪಿ ಆನ್ ರೈಟ್ ಫೈಲ್ ಸಿಸ್ಟಂಗಳ ಜೊತೆ. ಇವು ಹಳೆಯ ಬ್ಲಾಕ್ ಮೇಲೆ ಬರೆಯುವುದಿಲ್ಲ. ಹೊಸ ಜಾಗದಲ್ಲಿ ಬರೆದು, ಆಮೇಲೆ ಅತ್ತ ಕೈ ತೋರಿಸುತ್ತವೆ. ಹಾಗಾಗಿ ಸ್ನ್ಯಾಪ್‌ಶಾಟ್, ಅಂದರೆ ಫೈಲುಗಳ ಆ ಕ್ಷಣದ ಸ್ಥಿತಿಯ ಪ್ರತಿ, ತೆಗೆಯುವುದು ಕಣ್ಣು ಮಿಟುಕಿಸಿದಷ್ಟು ಹೊತ್ತಿನ ಕೆಲಸ: ಹಳೆಯ ಬ್ಲಾಕುಗಳನ್ನು ಹಾಗೇ ಬಿಟ್ಟರೆ ಸಾಕು. ಆದರೆ ಈಗ ಒಂದೇ ಬ್ಲಾಕ್ ಐವತ್ತು ಸ್ನ್ಯಾಪ್‌ಶಾಟ್‌ಗಳಿಗೆ ಸೇರಿರಬಹುದು. ಅದು ಯಾರ ಖಾತೆಗೆ ಹೋಗಬೇಕು? ಮೆಲ್ಬರ್ನ್ ಲೆಕ್ಕದಲ್ಲಿ ಈ ಪ್ರಶ್ನೆಗೆ ಉತ್ತರವೇ ಇಲ್ಲ.

2005ರಲ್ಲಿ ಸನ್ ಕಂಪನಿ ಹೊರತಂದ ಝಡ್‌ಎಫ್‌ಎಸ್ (ZFS) ಫೈಲ್ ಸಿಸ್ಟಂ ಇದಕ್ಕೆ ಒಂದು ಜಾಣ ದಾರಿ ಕಂಡುಕೊಂಡಿತು. ಪ್ರತಿ ಬ್ಲಾಕ್ ಹುಟ್ಟಿದ್ದು ಯಾವಾಗ ಅಂತ ಅದು ಬರೆದಿಟ್ಟುಕೊಳ್ಳುತ್ತದೆ. ಸ್ನ್ಯಾಪ್‌ಶಾಟ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ. ಬ್ಲಾಕ್‌ನ ಹುಟ್ಟಿದ ಹೊತ್ತನ್ನು ಸ್ನ್ಯಾಪ್‌ಶಾಟ್‌ನ ಹೊತ್ತಿಗೆ ಹೋಲಿಸಿದರೆ ಅದು ಹಂಚಿಕೆಯದೋ ಅಲ್ಲವೋ ಗೊತ್ತಾಗಿಬಿಡುತ್ತದೆ, ಇಡೀ ಮರ (ಬ್ಲಾಕುಗಳನ್ನು ಕೊಂಬೆಗಳ ಹಾಗೆ ಜೋಡಿಸಿದ ರಚನೆ) ಹುಡುಕಬೇಕಿಲ್ಲ. ಮಿತಿ ಹಾಕುವುದು ಡೇಟಾಸೆಟ್‌ಗೆ, ಅಂದರೆ ಅದರೊಳಗಿನ ಒಂದು ಪ್ರತ್ಯೇಕ ವಿಭಾಗಕ್ಕೆ. ಇಲ್ಲಿಯ ಪೇಚು ಬೇರೆ: ಅಳಿಸುವುದಕ್ಕೂ ಹೊಸದಾಗಿ ಬರೆಯಬೇಕಾದ್ದರಿಂದ, ಕೋಟಾ ಪೂರ್ತಿ ತುಂಬಿದಾಗ ಫೈಲ್ ಅಳಿಸಲು ಹೋದರೂ ಕೋಟಾ ಮೀರಿದೆ ಎಂಬ ಎರರ್ ಬರಬಹುದು. ಆಗ ದೊಡ್ಡ ಫೈಲೊಂದನ್ನು ಮೊದಲು ಸೊನ್ನೆ ಬೈಟಿಗೆ ಇಳಿಸಿ ಆಮೇಲೆ ಅಳಿಸಬೇಕು, ಅಥವಾ ಮಿತಿಯನ್ನು ಸ್ವಲ್ಪ ಹೊತ್ತಿಗೆ ಏರಿಸಬೇಕು.

ಬಿಟಿಆರ್‌ಎಫ್‌ಎಸ್ ಇನ್ನೂ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. ಆರೆಕಲ್‌ನಲ್ಲಿದ್ದಾಗ ಕ್ರಿಸ್ ಮೇಸನ್ 2007ರಲ್ಲಿ ಇದನ್ನು ಪ್ರಕಟಿಸಿದರು, 2009ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6.29 ಆವೃತ್ತಿಗೆ ಸೇರಿತು. ಇದರಲ್ಲಿ ಸ್ನ್ಯಾಪ್‌ಶಾಟ್ ಮೇಲೂ ಬರೆಯಬಹುದು, ಸ್ನ್ಯಾಪ್‌ಶಾಟ್‌ನ ಸ್ನ್ಯಾಪ್‌ಶಾಟ್ ತೆಗೆಯಬಹುದು, ಒಂದು ಫೈಲಿನ ಭಾಗವನ್ನು ಬೇರೆ ಸಬ್‌ವಾಲ್ಯೂಮ್‌ನ (ಫೈಲ್ ಸಿಸ್ಟಂನ ಪ್ರತ್ಯೇಕ ವಿಭಾಗದ) ಫೈಲಿನ ಜೊತೆ ಹಂಚಬಹುದು. ಬಳಸುವವರಿಗೆ ಇದು ವರವೇ. ಲೆಕ್ಕ ಇಡುವವರಿಗೆ ಮಾತ್ರ ಸಾಲು ಅನ್ನುವುದೇ ಉಳಿಯಲಿಲ್ಲ.

2012ರಲ್ಲಿ ಕರ್ನಲ್ 3.6ರ ಜೊತೆ ಬಿಟಿಆರ್‌ಎಫ್‌ಎಸ್‌ಗೆ ಕೋಟಾ ಬಂತು, ಕ್ಯೂಗ್ರೂಪ್ ಎಂಬ ಹೆಸರಿನಲ್ಲಿ. ಬರೆದವರು ಆರ್ನೆ ಜಾನ್ಸೆನ್. ಪ್ರತಿ ಸಬ್‌ವಾಲ್ಯೂಮ್‌ಗೂ ಎರಡು ಅಂಕಿ. ಒಟ್ಟು ಎಷ್ಟು ಡೇಟಾ ಅದರಿಂದ ಕಾಣುತ್ತದೆ ಎಂಬುದು ಒಂದು. ಅದಕ್ಕೆ ಮಾತ್ರ ಸೇರಿದ್ದು, ಅಂದರೆ ಅದನ್ನು ಅಳಿಸಿದರೆ ಬಿಡುಗಡೆ ಆಗುವ ಜಾಗ ಎಷ್ಟು ಎಂಬುದು ಇನ್ನೊಂದು. ಈ ಎರಡನೇ ಅಂಕಿ ನಿಜಕ್ಕೂ ಬೇಕಾದದ್ದು. ಹಳೆಯ ಸ್ನ್ಯಾಪ್‌ಶಾಟ್ ಅಳಿಸಿದರೆ ಎಷ್ಟು ಜಾಗ ಸಿಗುತ್ತೆ ಅಂತ ಕೇಳದವರು ಯಾರಿದ್ದಾರೆ?

ಆದರೆ ಅದರ ಬೆಲೆ ನೋಡಿ. ಒಂದು ಬ್ಲಾಕ್ ಯಾರಿಗೆಲ್ಲ ಸೇರಿದೆ ಅಂತ ತಿಳಿಯಲು ಕರ್ನಲ್ ಆ ಬ್ಲಾಕ್‌ನಿಂದ ಹಿಂದಕ್ಕೆ ನಡೆದು, ಅದನ್ನು ತೋರಿಸುವ ಎಲ್ಲ ಮರಗಳ ಬೇರಿನವರೆಗೆ ಹೋಗಬೇಕು. ಅದೂ ಎರಡು ಸಲ: ಬದಲಾವಣೆಗೆ ಮುಂಚೆ ಯಾರಿಗೆ ಸೇರಿತ್ತು, ಆಮೇಲೆ ಯಾರಿಗೆ ಸೇರಿದೆ. ಒಂದು ಫೈಲ್ ಬರೆದಾಗ ಇದು ಗೊತ್ತೇ ಆಗುವುದಿಲ್ಲ. ಒಂದು ಸ್ನ್ಯಾಪ್‌ಶಾಟ್ ಅಳಿಸಿದಾಗ? ಅದರಲ್ಲಿದ್ದ ಲಕ್ಷಾಂತರ ಬ್ಲಾಕುಗಳಿಗೆ ಮಾಲೀಕರು ಒಮ್ಮೆಲೇ ಬದಲಾಗುತ್ತಾರೆ. ಅವೆಲ್ಲವನ್ನೂ ಎಣಿಸಬೇಕು. ಈ ಎಣಿಕೆ ನಡೆಯುವುದು ಟ್ರಾನ್ಸಾಕ್ಷನ್ ಕಮಿಟ್ ಆಗುವ ಹೊತ್ತಿನಲ್ಲಿ, ಅಂದರೆ ಕೂಡಿಟ್ಟ ಬದಲಾವಣೆಗಳನ್ನು ಒಟ್ಟಿಗೆ ಡಿಸ್ಕ್‌ಗೆ ಬರೆದು ಖಾಯಂ ಮಾಡುವಾಗ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಸದ್ದಿಲ್ಲದೆ ಮುಗಿಯುವ ಕೆಲಸ ಅದು. ಅದು ಮುಗಿಯದಿದ್ದರೆ, ಡಿಸ್ಕ್‌ಗೆ ಏನಾದರೂ ಬರೆಯಲು ಹೊರಟ ಪ್ರತಿ ಪ್ರೋಗ್ರಾಂ ಅದರ ಹಿಂದೆ ಕಾಯುತ್ತದೆ. ಬ್ರೌಸರ್ ಕಾಯುತ್ತದೆ, ಡೆಸ್ಕ್‌ಟಾಪ್ ಕಾಯುತ್ತದೆ, ನೀವೂ ಕಾಯುತ್ತೀರಿ.

ಮನೆಯ ಲ್ಯಾಪ್‌ಟಾಪ್‌ಗಳಿಗೆ ಕೋಟಾ ಬಂದದ್ದು ಹಿಂಬಾಗಿಲಿನಿಂದ. 2014ರ ನವೆಂಬರಿನಲ್ಲಿ ಓಪನ್‌ಸೂಸೆ 13.2 ಎಂಬ ಲಿನಕ್ಸ್ ಆವೃತ್ತಿ ತನ್ನ ರೂಟ್‌ಗೆ (ಸಿಸ್ಟಂ ಫೈಲುಗಳಿರುವ ಭಾಗಕ್ಕೆ) ಬಿಟಿಆರ್‌ಎಫ್‌ಎಸ್ ಅನ್ನೇ ಮಾಮೂಲು ಆಯ್ಕೆ ಮಾಡಿತು. ಸ್ನ್ಯಾಪರ್ ಎಂಬ ಪ್ರೋಗ್ರಾಂ ಅಪ್‌ಡೇಟ್‌ಗೆ ಮುಂಚೆ, ಆಮೇಲೆ ಸ್ನ್ಯಾಪ್‌ಶಾಟ್ ತೆಗೆದಿಡುತ್ತದೆ. ಅಪ್‌ಡೇಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು, ಬಹಳ ಒಳ್ಳೆಯ ಸೌಲಭ್ಯ. ಆದರೆ ಸ್ನ್ಯಾಪ್‌ಶಾಟ್‌ಗಳು ಜಾಗ ತುಂಬಿಸುತ್ತವೆ ಎಂಬ ದೂರು ಬಂತು. ಅವು ಡಿಸ್ಕ್‌ನ ಅರ್ಧಕ್ಕಿಂತ ಜಾಸ್ತಿ ತಿನ್ನಬಾರದು ಅಂತ ನಿಯಮ ಹಾಕಬೇಕಾದರೆ ಅವು ತಿಂದದ್ದೆಷ್ಟು ಅಂತ ಗೊತ್ತಿರಬೇಕು. ಅದಕ್ಕೇ ಕೋಟಾ ಆನ್ ಆಯಿತು. ಟೈಮ್‌ಶಿಫ್ಟ್ ಎಂಬ ಇನ್ನೊಂದು ಸ್ನ್ಯಾಪ್‌ಶಾಟ್ ಪ್ರೋಗ್ರಾಂನಲ್ಲೂ ಇಂಥದ್ದೇ ಒಂದು ಆಯ್ಕೆ ಬಂತು. ಬಳಸುವವರು ಯಾರಿಗೂ ಮಿತಿ ಹಾಕಿರಲಿಲ್ಲ. ಬರೀ ಅಂಕಿ ತೋರಿಸಲೆಂದು ಇಷ್ಟೆಲ್ಲ ಎಣಿಕೆ ಶುರುವಾಗಿತ್ತು. ಒಬ್ಬರೇ ಬಳಸುವ ಕಂಪ್ಯೂಟರಿಗೆ ಇದು ಬೇಕಿರಲಿಲ್ಲ ಎಂಬುದೇ ನನ್ನ ಅಭಿಪ್ರಾಯ.

ಹ್ಯಾಂಗ್ ಆಗುವ ಹೊತ್ತನ್ನು ಗಮನಿಸಿದರೆ ಸುಳಿವು ಸಿಗುತ್ತದೆ. ಸ್ನ್ಯಾಪರ್‌ನ ಕ್ಲೀನಪ್ ಟೈಮರ್ ಬೂಟ್ ಆದ 10 ನಿಮಿಷಕ್ಕೆ ಒಮ್ಮೆ, ಆಮೇಲೆ ದಿನಕ್ಕೊಮ್ಮೆ ಓಡುತ್ತದೆ. ಬೆಳಿಗ್ಗೆ ಆನ್ ಮಾಡಿ ಕೆಲಸಕ್ಕೆ ಕೂತ ಸ್ವಲ್ಪ ಹೊತ್ತಿಗೇ ಮೆಷಿನ್ ನಿಂತರೆ ಅಲ್ಲಿಂದಲೇ ಹುಡುಕಿ. ಡೇಟಾವನ್ನು ಡಿಸ್ಕ್‌ನಲ್ಲಿ ಮರುಹಂಚುವ ಬ್ಯಾಲೆನ್ಸ್ ಎಂಬ ಕೆಲಸ ಓಡುವಾಗಲೂ ಹೀಗಾಗಬಹುದು, ಅದೂ ಬ್ಲಾಕುಗಳನ್ನು ರಾಶಿ ರಾಶಿಯಾಗಿ ಕದಲಿಸುತ್ತದೆ.

ನಿಂತಾಗಲೇ ಟೆಕ್ಸ್ಟ್ ಕನ್ಸೋಲ್‌ಗೆ ಹೋಗಿ, ಯಾವ ಪ್ರೋಗ್ರಾಂ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ಓಡಿಸಿ. ಬಿಟಿಆರ್‌ಎಫ್‌ಎಸ್-ಟ್ರಾನ್ಸಾಕ್ಷನ್ ಅಥವಾ ಬಿಟಿಆರ್‌ಎಫ್‌ಎಸ್-ಕ್ಲೀನರ್ ಎಂಬ ಕರ್ನಲ್ ಥ್ರೆಡ್ ಒಂದು ಕೋರ್ ಅನ್ನು 100 ಶೇಕಡಾ ಹಿಡಿದು ಕೂತಿದ್ದರೆ, ಆದರೆ ಡಿಸ್ಕ್ ಓದು ಬರಹ ಅಷ್ಟೇನೂ ಇಲ್ಲದಿದ್ದರೆ, ಎಣಿಕೆ ನಡೆಯುತ್ತಿದೆ ಅಂತಲೇ ಲೆಕ್ಕ. ಕರ್ನಲ್ ಲಾಗ್‌ನಲ್ಲಿ ಇಂತಿಂಥ ಪ್ರೋಗ್ರಾಂ 120 ಸೆಕೆಂಡಿಗಿಂತ ಹೆಚ್ಚು ಹೊತ್ತು ತಡೆಗೆ ಸಿಕ್ಕಿ ನಿಂತಿದೆ ಎಂಬ ಸಾಲೂ ಇರಬಹುದು. ಆ ಸಾಲಿನಲ್ಲಿ ಪಾಪ ಬ್ರೌಸರ್ ಹೆಸರಿರುತ್ತದೆ, ತಪ್ಪು ಅದರದಲ್ಲ. ಅದರ ಕೆಳಗಿನ ಸ್ಟ್ಯಾಕ್‌ನಲ್ಲಿ (ಕರ್ನಲ್ ಆಗ ಓಡಿಸುತ್ತಿದ್ದ ಫಂಕ್ಷನ್‌ಗಳ ಪಟ್ಟಿಯಲ್ಲಿ) ಕ್ಯೂಗ್ರೂಪ್ (qgroup) ಎಂಬ ಪದ ಇದೆಯಾ ನೋಡಿ. ಆಮೇಲೆ ಬಿಟಿಆರ್‌ಎಫ್‌ಎಸ್ ಕ್ಯೂಗ್ರೂಪ್ ಶೋ ಕಮಾಂಡ್ ಕೊಡಿ. ಕೋಟಾ ಆನ್ ಇಲ್ಲ ಅಂದರೆ ಕಾರಣ ಬೇರೆ, ಇಲ್ಲಿ ಹೊತ್ತು ಕಳೆಯಬೇಡಿ. ಅಂಕಿಗಳ ಪಟ್ಟಿ ಬಂದರೆ ಕೋಟಾ ಆನ್ ಇದೆ.

ಎಚ್ಚರ ಬೇಕಾದ್ದು ಈ ಹಂತದಲ್ಲಿ. ಸ್ನ್ಯಾಪ್‌ಶಾಟ್ ಜಾಸ್ತಿ ಆಗಿದ್ದರಿಂದ ಹೀಗಾಗಿದೆ ಅಂತ ಓದಿ ಜನ ಮೊದಲು ಅವನ್ನೇ ಸಾಲಾಗಿ ಅಳಿಸಲು ಹೋಗುತ್ತಾರೆ. ಕೋಟಾ ಆನ್ ಇರುವಾಗ ಅಳಿಸುವುದೇ ಅತಿ ಭಾರದ ಕೆಲಸ, ಹ್ಯಾಂಗ್ ನಿಮಿಷದಿಂದ ಗಂಟೆಗೆ ಹೋಗಬಹುದು. ಮೊದಲು ಬಿಟಿಆರ್‌ಎಫ್‌ಎಸ್ ಕೋಟಾ ಡಿಸೇಬಲ್, ಅಳಿಸುವುದು ಆಮೇಲೆ. ನಡೆಯುತ್ತಿರುವ ಕಮಿಟ್ ಮುಗಿಯುವವರೆಗೆ ಆ ಕಮಾಂಡ್ ಕೂಡ ಕಾಯಬಹುದು, ಬಿಟ್ಟುಬಿಡಿ, ಅದರ ಪಾಡಿಗೆ ಮುಗಿಯಲಿ. ಪವರ್ ಬಟನ್ ಒತ್ತಿ ಹಿಡಿಯುವುದರಿಂದ ಲಾಭ ಇಲ್ಲ. ಅರ್ಧಕ್ಕೆ ನಿಂತ ಅಳಿಸುವಿಕೆ ಮುಂದಿನ ಸಲ ಮೌಂಟ್ ಆದ ಕೂಡಲೇ ಮುಂದುವರಿಯುತ್ತದೆ, ಹ್ಯಾಂಗ್ ಕೂಡ.

ಕೋಟಾ ತೆಗೆದರೆ ಫೈಲುಗಳಿಗೆ ಏನೂ ಆಗುವುದಿಲ್ಲ, ಸ್ನ್ಯಾಪ್‌ಶಾಟ್‌ಗಳೂ ಇರುತ್ತವೆ. ಹೋಗುವುದು ಅಂಕಿಗಳು, ಮತ್ತು ಅವನ್ನು ನೋಡಿ ಸ್ನ್ಯಾಪರ್ ಮಾಡುತ್ತಿದ್ದ ಜಾಗದ ಲೆಕ್ಕಾಚಾರ. ಅದಕ್ಕೆ ಬದಲಾಗಿ ಎಷ್ಟು ಸ್ನ್ಯಾಪ್‌ಶಾಟ್ ಉಳಿಸಬೇಕು ಎಂಬ ಸಂಖ್ಯೆಯನ್ನು ಸ್ನ್ಯಾಪರ್‌ನ ಕಾನ್ಫಿಗ್‌ನಲ್ಲಿ ಕಡಿಮೆ ಇಟ್ಟರೆ ಸಾಕು.

ಹಲವು ಜನ ಹಂಚಿಕೊಳ್ಳುವ ಸರ್ವರ್‌ಗಳಲ್ಲಿ, ಕಂಟೇನರ್‌ಗಳಿಗೆ ಪಾಲು ಕೊಡುವ ಕಡೆ ಹೀಗೆ ತೆಗೆದುಹಾಕಲು ಆಗುವುದಿಲ್ಲ ಅಲ್ವಾ? ಅವರಿಗಾಗಿ ಕರ್ನಲ್ ಬರೆಯುವವರು ವರ್ಷಗಟ್ಟಲೆ ದುಡಿದಿದ್ದಾರೆ. ಸೂಸೆಯ ಕ್ಯೂ ವೆನ್‌ರುವೊ ಬ್ಯಾಲೆನ್ಸ್ ಹೊತ್ತಿನ ಬೇಡದ ಎಣಿಕೆಯನ್ನು ಬಹಳ ಇಳಿಸಿದರು. ಅಳಿಸುವ ಮರ ತುಂಬಾ ದೊಡ್ಡದಾಗಿದ್ದರೆ ಎಣಿಸುವುದನ್ನೇ ಬಿಟ್ಟು, ಈ ಲೆಕ್ಕ ತಪ್ಪಿದೆ ಅಂತ ಗುರುತು ಹಾಕಿ ಮುಂದೆ ಹೋಗುವ ಆಯ್ಕೆಯೂ ಬಂತು. ಆಮೇಲೆ ಬಿಡುವಾದಾಗ ರೀಸ್ಕ್ಯಾನ್, ಅಂದರೆ ಮರುಎಣಿಕೆ, ಮಾಡಿಕೊಳ್ಳಬೇಕು. ಮೆಷಿನ್ ನಿಲ್ಲುವುದಕ್ಕಿಂತ ಅಂಕಿ ಸ್ವಲ್ಪ ಹೊತ್ತು ತಪ್ಪಾಗಿರುವುದು ಎಷ್ಟೋ ವಾಸಿ.

2024ರ ಜನವರಿಯಲ್ಲಿ ಬಂದ ಕರ್ನಲ್ 6.7ರಲ್ಲಿ ಮೆಟಾದ ಬೋರಿಸ್ ಬರ್ಕೋವ್ ಬರೆದ ಸಿಂಪಲ್ ಕೋಟಾ ಸೇರಿತು. ಅದು ಹಂಚಿಕೆಯ ಪ್ರಶ್ನೆಯನ್ನೇ ಕೈಬಿಟ್ಟಿತು. ಬ್ಲಾಕನ್ನು ಮೊದಲು ಬರೆದ ಸಬ್‌ವಾಲ್ಯೂಮ್ ಯಾವುದೋ ಅದರ ಖಾತೆಗೇ ಲೆಕ್ಕ, ಆಮೇಲೆ ಎಷ್ಟು ಸ್ನ್ಯಾಪ್‌ಶಾಟ್‌ಗಳು ಹಂಚಿಕೊಂಡರೂ ಸರಿ. ಮತ್ತೆ ಮೆಲ್ಬರ್ನ್ ಕಾಲದ ಹಾಗೆ ಒಂದು ಕೂಡಿಸು, ಒಂದು ಕಳೆ. ಹೊಸದಾಗಿ ಕೋಟಾ ಬೇಕಾದವರು ಇದನ್ನೇ ಮೊದಲು ನೋಡಲಿ. ಎರಡು ವಿಷಯ ಗೊತ್ತಿರಬೇಕು: ಆನ್ ಮಾಡುವುದಕ್ಕೆ ಮುಂಚೆ ಇದ್ದ ಡೇಟಾ ಈ ಲೆಕ್ಕಕ್ಕೆ ಬರುವುದಿಲ್ಲ. ಮತ್ತು ಮೂಲ ಸಬ್‌ವಾಲ್ಯೂಮ್ ಅಳಿಸಿದರೂ ಅದರ ಬ್ಲಾಕುಗಳನ್ನು ಯಾವುದಾದರೂ ಸ್ನ್ಯಾಪ್‌ಶಾಟ್ ಹಿಡಿದಿಟ್ಟಿದ್ದರೆ, ಆ ಜಾಗ ಇಲ್ಲವಾದ ಸಬ್‌ವಾಲ್ಯೂಮ್‌ನ ಖಾತೆಯಲ್ಲೇ ಉಳಿಯುತ್ತದೆ. ಪಟ್ಟಿಯಲ್ಲಿ ಯಜಮಾನನಿಲ್ಲದ ಖಾತೆ ಕಂಡರೆ ಗಾಬರಿ ಬೇಡ, ಆ ಸ್ನ್ಯಾಪ್‌ಶಾಟ್ ಹೋದಾಗ ಆ ಜಾಗವೂ ಬಿಡುಗಡೆ ಆಗುತ್ತದೆ.