ಬಿಸಿಲು ಹಾಕಿ ತಂಪು ತೆಗೆಯುವ ಕಾರ್ಖಾನೆ

ಯಾವುದೋ ಪಾನೀಯ ಕಂಪನಿ ತನ್ನ ಕಾರ್ಖಾನೆಯ ಚಾವಣಿ ತುಂಬ ಸೋಲಾರ್ ಪ್ಯಾನೆಲ್ ಹಾಕಿಸುತ್ತದೆ. ರಫ್ತು ಹೆಚ್ಚಿಸಲು ಸೌರಶಕ್ತಿಯಲ್ಲಿ ಹೂಡಿಕೆ ಅಂತ ಸುದ್ದಿ ಬರುತ್ತದೆ. ಕೂಡಲೇ ಜನ ಎರಡು ಗುಂಪಾಗುತ್ತಾರೆ. ಇನ್ನು ಆ ಕಾರ್ಖಾನೆಗೆ ಕರೆಂಟ್ ಪುಕ್ಕಟೆ ಅನ್ನುವವರು ಒಂದು ಕಡೆ. ಇದೆಲ್ಲ ಬರೀ ತೋರಿಕೆ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಚಾವಣಿ ನೋಡಿಯೇ ಮಾತಾಡುತ್ತಾರೆ. ನನ್ನನ್ನು ಕೇಳಿದರೆ ಇದರ ನಿಜವಾದ ಮಜಾ ಇರುವುದು ಕೆಳಗೆ, ಚಿಲ್ಲರ್ ಕೋಣೆಯಲ್ಲಿ, ಅಂದರೆ ಪಾನೀಯ ತಣಿಸುವ ಯಂತ್ರಗಳಿರುವ ಕಡೆ. ಅಲ್ಲಿಗೆ ಹೋಗೋಣ. ಅದಕ್ಕೂ ಮೊದಲು ಒಂದು ತಪ್ಪು ಕಲ್ಪನೆಯನ್ನು ದಾರಿಯಿಂದ ಎತ್ತಿ ಆಚೆ ಇಡಬೇಕು. ಅದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ಸೆಕೆ ಜಾಸ್ತಿಯಾದಷ್ಟೂ ಪ್ಯಾನೆಲ್ ಜಾಸ್ತಿ ಕರೆಂಟ್ ಕೊಡುತ್ತದೆ ಅನ್ನುವುದೇ ಆ ಕಲ್ಪನೆ. ಕೊಡುವುದಿಲ್ಲ. ಪ್ಯಾನೆಲ್‌ಗೆ ಬೇಕಾಗಿರುವುದು ಬೆಳಕು. ಶಾಖ ಅದಕ್ಕೆ ಶತ್ರು. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ ಲೆಕ್ಕ 25 ಡಿಗ್ರಿ ಸೆಲ್ಸಿಯಸ್‌ನದು. ಅದಕ್ಕಿಂತ ಒಂದೊಂದು ಡಿಗ್ರಿ ಬಿಸಿಯಾದಂತೆ ಸಿಲಿಕಾನ್ ಪ್ಯಾನೆಲ್‌ನ ಇಳುವರಿ ಸುಮಾರು ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ. ಉರಿಬಿಸಿಲಿನ ಮಧ್ಯಾಹ್ನ ತಗಡಿನ ಚಾವಣಿ ಮೇಲಿನ ಪ್ಯಾನೆಲ್ ಸಲೀಸಾಗಿ 65 ಡಿಗ್ರಿ ಮುಟ್ಟುತ್ತದೆ. ಅಂದರೆ ಸೂರ್ಯ ನೆತ್ತಿಯ ಮೇಲಿರುವಾಗಲೇ ಶೇಕಡಾ 12ರಿಂದ 16 ಕೈಬಿಟ್ಟು ಹೋಗುತ್ತದೆ. ತಂಪು ಗಾಳಿ ಬೀಸುತ್ತಿರುವ, ಆಕಾಶ ತಿಳಿಯಾಗಿರುವ ದಿನವೇ ಅದಕ್ಕೆ ಹಬ್ಬ.

ಯಾಕೆ ಹೀಗೆ? ಬೆಳಕು ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಅವೇ ಫೋಟಾನ್‌ಗಳು. 1905ರಲ್ಲಿ ಐನ್‌ಸ್ಟೈನ್ ಇದನ್ನು ಹೇಳಿದಾಗ ದೊಡ್ಡ ದೊಡ್ಡವರೇ ಒಪ್ಪಲಿಲ್ಲ. ಅವರಿಗೆ 1921ರ ನೊಬೆಲ್ ಬಂದದ್ದು ಈ ಕೆಲಸಕ್ಕೇ, ಸಾಪೇಕ್ಷತೆಗಲ್ಲ. ಸಿಲಿಕಾನ್‌ನೊಳಗಿನ ಎಲೆಕ್ಟ್ರಾನ್‌ಗಳು ಒಂದು ಗೋಡೆಯ ಈಚೆಗೆ ಬಿದ್ದಿರುವ ಚೆಂಡುಗಳು ಅಂದುಕೊಳ್ಳಿ. ಗೋಡೆಯ ಎತ್ತರ ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ (ಇಂಥ ಪುಟ್ಟ ಶಕ್ತಿಯನ್ನು ಅಳೆಯುವ ಮಾನ). ಒಂದೇ ಏಟಿಗೆ ಚೆಂಡು ಗೋಡೆ ದಾಟಬೇಕು. ಮೆಲ್ಲಗೆ ಸಾವಿರ ಸಲ ತಟ್ಟಿದರೂ ದಾಟುವುದಿಲ್ಲ, ತಟ್ಟಿದ್ದೆಲ್ಲ ಕೂಡಿಕೊಳ್ಳುವುದೂ ಇಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ದೊಡ್ಡ ಪಾಲು ಹೀಗೆ ಮೆಲ್ಲಗೆ ತಟ್ಟುವ ಜಾತಿಯದು. ನೀಲಿ ಬೆಳಕಿನ ಫೋಟಾನ್ ಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜೋರಾಗಿ ಹೊಡೆಯುತ್ತದೆ. ಚೆಂಡು ದಾಟುತ್ತದೆ, ಆದರೆ ಮಿಕ್ಕ ಜೋರೆಲ್ಲ ಶಾಖವಾಗಿ ಪ್ಯಾನೆಲ್ಲನ್ನೇ ಬಿಸಿ ಮಾಡುತ್ತದೆ. ಆಚೆಗೆ ದಾಟಿದ ಎಲೆಕ್ಟ್ರಾನ್ ವಾಪಸ್ ಉರುಳದಂತೆ ಪ್ಯಾನೆಲ್‌ನೊಳಗಿನ ವಿದ್ಯುತ್ ಕ್ಷೇತ್ರ ಅದನ್ನು ತಂತಿಯ ಕಡೆಗೆ ತಳ್ಳುತ್ತದೆ. ಸಿಲಿಕಾನ್ ಬಿಸಿಯಾದಂತೆ ಎಲೆಕ್ಟ್ರಾನ್‌ಗಳು ಸುಮ್ನೆ ಈಚೆಗೆ ಮರಳುವುದು ಜಾಸ್ತಿಯಾಗುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಹೀಗಾಗಿ ಒಂದೇ ಪದರದ ಸೌರಕೋಶ ಎಷ್ಟೇ ಚೆನ್ನಾಗಿದ್ದರೂ ಬಿಸಿಲಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹಿಡಿಯಲಾಗದು ಅಂತ 1961ರಲ್ಲೇ ಶಾಕ್ಲಿ ಮತ್ತು ಕ್ವೈಸರ್ ಅನ್ನುವ ವಿಜ್ಞಾನಿಗಳು ಲೆಕ್ಕ ಹಾಕಿದರು. ಈಗ ಮಾರುಕಟ್ಟೆಯಲ್ಲಿ ಸಿಗುವ ಪ್ಯಾನೆಲ್‌ಗಳು ಶೇಕಡಾ 20ರ ಮೇಲಿವೆ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಪ್ರಯೋಗಾಲಯದವರು ಮೊದಲ ಸಿಲಿಕಾನ್ ಕೋಶ ತೋರಿಸಿದಾಗ ಸಿಕ್ಕಿದ್ದು ಬರೀ ಶೇಕಡಾ 6.

ಅಂದಹಾಗೆ, ಪಾನೀಯದವರಿಗೂ ವಿದ್ಯುತ್ತಿಗೂ ನಂಟು ಹೊಸದಲ್ಲ. ಶಕ್ತಿಯನ್ನು ಅಳೆಯುವ ಜೌಲ್ ಅನ್ನುವ ಮಾನ ಇದೆಯಲ್ಲ, ಆ ಜೇಮ್ಸ್ ಜೌಲ್ ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಬಿಯರ್ ಮಾಡುವ ಮನೆತನದವರು. ಅವರದೇ ಬ್ರೂವರಿ ಇತ್ತು. ಉಗಿಯಂತ್ರ ತೆಗೆದು ವಿದ್ಯುತ್ ಮೋಟಾರ್ ಹಾಕಿದರೆ ಖರ್ಚು ಉಳಿಯುತ್ತದೆಯೇ ಅಂತ ಜೌಲ್ ತರುಣರಾಗಿದ್ದಾಗಲೇ ಪ್ರಯೋಗ ಮಾಡಿದರು. ಆಗ ಕರೆಂಟ್ ಬರುತ್ತಿದ್ದುದು ಸತುವು ತಿನ್ನುವ ಬ್ಯಾಟರಿಯಿಂದ. 1841ರ ಹೊತ್ತಿಗೆ ಉತ್ತರ ಸಿಕ್ಕಿತು. ಒಂದು ಪೌಂಡ್ ಸತುವಿನಿಂದ ಸಿಗುವ ಕೆಲಸ, ಒಳ್ಳೆಯ ಉಗಿಯಂತ್ರದಲ್ಲಿ ಒಂದು ಪೌಂಡ್ ಕಲ್ಲಿದ್ದಲು ಕೊಡುವ ಕೆಲಸದ ಐದನೇ ಒಂದು ಪಾಲಿನ ಆಸುಪಾಸು. ಸತುವೋ ಬಲು ದುಬಾರಿ. ಮೋಟಾರಿನ ಆಸೆ ಬಿಟ್ಟರು. ಆದರೆ ಆ ಲೆಕ್ಕದ ಹುಚ್ಚು ಬಿಡಲಿಲ್ಲ. ಕೆಲಸ ಎಷ್ಟು ಶಾಖಕ್ಕೆ ಸಮ ಅಂತ ನೀರು ಕಲಕಿ ಕಲಕಿ ಅಳೆದರು. ಶಕ್ತಿ ನಾಶವಾಗುವುದಿಲ್ಲ ಅನ್ನುವ ನಿಯಮಕ್ಕೆ ಗಟ್ಟಿ ನೆಲ ಸಿಕ್ಕಿದ್ದು ಅಲ್ಲಿಂದ. ಇವತ್ತು ಯಾವ ಪಾನೀಯ ಕಂಪನಿ ಚಾವಣಿ ನೋಡಿ ಲೆಕ್ಕ ಹಾಕಿದರೂ ಜೌಲ್ ಕೇಳಿದ ಪ್ರಶ್ನೆಯನ್ನೇ ಕೇಳುತ್ತದೆ. ಈ ಸಲ ಉತ್ತರ ಬೇರೆ, ಯಾಕೆಂದರೆ 2010ರಿಂದ 2020ರ ನಡುವೆ ಪ್ಯಾನೆಲ್ ಬೆಲೆ ಸುಮಾರು ಶೇಕಡಾ 90ರಷ್ಟು ಬಿತ್ತು.

ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಫ್ರಾನ್ಸಿನ ಒಗುಸ್ತ್ಯಾಂ ಮೂಶೋ, ಗಣಿತದ ಮೇಷ್ಟ್ರು. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ದೊಡ್ಡ ಕನ್ನಡಿಯಿಂದ ಬಿಸಿಲು ಕೂಡಿಸಿ, ಆ ಶಾಖದಿಂದಲೇ ಮಂಜುಗಡ್ಡೆ ಮಾಡಿ ತೋರಿಸಿದರು. ಬಿಸಿಲಿನಿಂದ ಮಂಜು! ನೆರೆದ ಜನ ಬೆರಗಾದರು, ಪದಕವೂ ಬಂತು. ಆಮೇಲೆ ಕಲ್ಲಿದ್ದಲು ಅಗ್ಗವಾಯಿತು, ಸರ್ಕಾರ ಆಸಕ್ತಿ ಕಳೆದುಕೊಂಡಿತು. ಅದೇ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಶೀತಕ ಯಂತ್ರ ಕಟ್ಟುತ್ತಿದ್ದರು. ಅವರ ಬೆನ್ನಿಗೆ ನಿಂತವರೂ ಬಿಯರ್ ತಯಾರಕರೇ. ತಂಪಿಗಾಗಿ ಅಷ್ಟು ಹಸಿದ ಉದ್ಯಮ ಆಗ ಬೇರೆ ಇರಲಿಲ್ಲ.

ತಂಪು ಯಾಕೆ ಅಷ್ಟು ಮುಖ್ಯ? ಸೋಡಾದಂಥ ಪಾನೀಯವನ್ನೇ ತೆಗೆದುಕೊಳ್ಳಿ. ವಾತಾವರಣದ ಒತ್ತಡದಲ್ಲಿ, 0 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ಬೆಚ್ಚಗಿನ ನೀರಿಗೆ ಗ್ಯಾಸ್ ತುಂಬಲು ಹೋದರೆ ಬಾಟಲಿ ತುಂಬುವಾಗ ನೊರೆ ಉಕ್ಕಿ ಲೈನ್ ನಿಲ್ಲುತ್ತದೆ. ಹಾಗಾಗಿ ಸಕ್ಕರೆ, ಬಣ್ಣ, ಪರಿಮಳದ ಜೊತೆಗೆ ತಂಪೂ ಇಲ್ಲಿ ಒಂದು ಕಚ್ಚಾವಸ್ತು. ಚಿಲ್ಲರ್‌ಗಳು, ಪ್ಲಾಸ್ಟಿಕ್ ಬಾಟಲಿ ಊದಲು ಬೇಕಾದ ಗಾಳಿಯ ಕಂಪ್ರೆಸರ್‌ಗಳು, ಪಂಪುಗಳು, ಇವೇ ಕರೆಂಟ್ ನುಂಗುವವು.

ಈಗ ನನಗೆ ಇಷ್ಟವಾದ ಭಾಗ. ಸೌರವಿದ್ಯುತ್ತಿನ ತಲೆನೋವು ಗೊತ್ತೇ ಇದೆ. ಮಧ್ಯಾಹ್ನ ಹೊಳೆ ಹರಿಯುತ್ತದೆ, ಸಂಜೆ ಬತ್ತುತ್ತದೆ. ಬ್ಯಾಟರಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಪಾನೀಯ ಕಾರ್ಖಾನೆಗೆ ಸಂಜೆ ಬೇಕಾಗಿರುವುದರಲ್ಲಿ ದೊಡ್ಡ ಪಾಲು ಕರೆಂಟ್ ಅಲ್ಲ, ತಂಪು. ತಂಪನ್ನು ಹಾಗೆಯೇ ಕೂಡಿಡಬಹುದು, ಅದೂ ನೀರಿನಲ್ಲಿ. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೌಲ್ ಹೀರುತ್ತದೆ. 25 ಡಿಗ್ರಿಯ ಒಂದು ಲೀಟರ್ ನೀರನ್ನು 3 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 92 ಕಿಲೋಜೌಲ್. ಅಂದರೆ ಒಂದು ಕಿಲೋ ಮಂಜು ಮೂರೂವರೆ ಲೀಟರ್ ಪಾನೀಯವನ್ನು ತಣಿಸುತ್ತದೆ. ಒಳ್ಳೆಯ ಯಂತ್ರ ಒಂದು ಯೂನಿಟ್ ಕರೆಂಟ್ ತಿಂದು ನೀರಿನಿಂದ ಮೂರು ಯೂನಿಟ್ ಶಾಖ ತೆಗೆದರೆ, ಒಂದು ಟನ್ ಮಂಜಿಗೆ ಸುಮಾರು 30 ಯೂನಿಟ್ ಸಾಕು.

ಒಂದು ಮೆಗಾವ್ಯಾಟ್ ಪ್ಯಾನೆಲ್‌ಗೆ ಸುಮಾರು 5,000 ಚದರ ಮೀಟರ್ ಜಾಗ ಬೇಕು. ಬಿಸಿಲು ಚೆನ್ನಾಗಿರುವ ಕಡೆ ದಿನಕ್ಕೆ 4,000 ಯೂನಿಟ್ ಆಸುಪಾಸು ಬರುತ್ತದೆ. ಅದರಲ್ಲಿ ಮಧ್ಯಾಹ್ನ ಮಿಕ್ಕ 1,000 ಯೂನಿಟ್ಟನ್ನು ಮಂಜಾಗಿಸಿದರೆ ಮೂವತ್ತಕ್ಕೂ ಹೆಚ್ಚು ಟನ್. ಸೋರಿಕೆ ಕಳೆದರೂ ರಾತ್ರಿ ಪಾಳಿಯಲ್ಲಿ ಸುಮಾರು ಒಂದು ಲಕ್ಷ ಲೀಟರ್ ಪಾನೀಯ ತಣ್ಣಗಾಗುತ್ತದೆ! ಲಿಥಿಯಂ ಬೇಡ, ಏನೂ ಬೇಡ. ಶಾಖ ಒಳಗೆ ನುಗ್ಗದಂತೆ ಕಟ್ಟಿದ ಒಂದು ತೊಟ್ಟಿ, ಅದರೊಳಗೆ ಕೊಳವೆ, ನೀರು. ಮೂಶೋ ಕನ್ನಡಿ ಹಿಡಿದು ಮಾಡಿದ್ದನ್ನು ನಾವು ಸಿಲಿಕಾನ್ ಹಿಡಿದು ಮಾಡುತ್ತೇವೆ, ಅಷ್ಟೇ.

ಇಷ್ಟಾದರೂ ಪೂರ್ತಿ ಸೌರ ಕಾರ್ಖಾನೆ ಅನ್ನುವ ಮಾತನ್ನು ನಂಬಬೇಡಿ. ಬಾಟಲಿ ತೊಳೆಯಲು, ಪಾಶ್ಚರೀಕರಣ ಮಾಡಲು (ಅಂದರೆ ಬಿಸಿ ಮಾಡಿ ರೋಗಾಣು ಕೊಲ್ಲಲು) ಬಿಸಿನೀರು, ಉಗಿ ಬೇಕು. ಅದನ್ನು ಕೊಡುವುದು ಬಾಯ್ಲರ್. ಬಾಯ್ಲರ್ ಉರಿಯುವುದು ಗ್ಯಾಸಿನಿಂದಲೋ ಎಣ್ಣೆಯಿಂದಲೋ ಸೌದೆಯಿಂದಲೋ. ಚಾವಣಿಯ ಪ್ಯಾನೆಲ್ ಅದನ್ನು ಮುಟ್ಟುವುದೂ ಇಲ್ಲ. ಬಾಟಲಿಗಳ ಮೇಲೆ ಬಿಸಿನೀರು ಸುರಿಯುವ ಪಾಶ್ಚರೀಕರಣಕ್ಕೆ 60 ಡಿಗ್ರಿ ಸಾಕು, ಅದಕ್ಕೆ ನೇರವಾಗಿ ಬಿಸಿಲಿನಲ್ಲಿ ನೀರು ಕಾಯಿಸುವುದೇ ಜಾಣತನ. ಇಲ್ಲವೇ ಚಿಲ್ಲರ್ ಹೊರಗೆ ಎಸೆಯುವ ಶಾಖವನ್ನು ಹೀಟ್ ಪಂಪ್ ಅನ್ನುವ ಯಂತ್ರ ಹಾಕಿ ಇನ್ನಷ್ಟು ಬಿಸಿ ಮಟ್ಟಕ್ಕೆ ಮೇಲೆತ್ತಬೇಕು. ಒಂದು ಕಡೆ ಶಾಖ ಬಿಸಾಕಿ ಇನ್ನೊಂದು ಕಡೆ ಇಂಧನ ಸುಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಇನ್ನೊಂದು ಭ್ರಮೆ. ಪ್ಯಾನೆಲ್ ಇದ್ದರೆ ಕರೆಂಟ್ ಹೋದಾಗ ಭಯವಿಲ್ಲ ಅಂತ. ಪ್ಯಾನೆಲ್‌ನ ಕರೆಂಟನ್ನು ಗ್ರಿಡ್‌ಗೆ, ಅಂದರೆ ಊರಿನ ವಿದ್ಯುತ್ ಜಾಲಕ್ಕೆ, ಹೊಂದುವಂತೆ ಬದಲಿಸುವ ಸಾಮಾನ್ಯ ಇನ್ವರ್ಟರ್ ಗ್ರಿಡ್ ಸತ್ತ ಕ್ಷಣವೇ ತಾನೂ ನಿಲ್ಲುತ್ತದೆ. ಇಲ್ಲದಿದ್ದರೆ ತಂತಿ ರಿಪೇರಿ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯುತ್ತದೆ. ಜನರೇಟರ್ ಜೊತೆಗೋ ಬ್ಯಾಟರಿ ಜೊತೆಗೋ ಓಡಬೇಕಾದರೆ ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು. ಅದನ್ನು ಮೊದಲೇ ಕೇಳಿ ಹಾಕಿಸಬೇಕು.

ಸರಿ, ರಫ್ತಿಗೂ ಇದಕ್ಕೂ ಏನು ಸಂಬಂಧ? ಮೊದಲನೆಯದು ನೇರವಾದದ್ದು. ದೂರದ ದೇಶದ ಅಂಗಡಿಯವರ ಜೊತೆ ದರ ಮಾತಾಡಿ ವರ್ಷಗಟ್ಟಲೆ ಒಪ್ಪಂದ ಮಾಡಿಕೊಂಡಾಗ ನಡುವೆ ಕರೆಂಟ್ ದರ ಏರಿದರೆ ಲಾಭ ಕರಗುತ್ತದೆ. ಪ್ಯಾನೆಲ್‌ನ ದುಡ್ಡೆಲ್ಲ ಮೊದಲೇ ಹಾಕಿಬಿಟ್ಟಿರುತ್ತೀರಿ. ಮುಂದಿನ ಇಪ್ಪತ್ತು, ಇಪ್ಪತ್ತೈದು ವರ್ಷ ಅಷ್ಟು ಯೂನಿಟ್‌ಗಳ ಬೆಲೆ ಇವತ್ತೇ ಗೊತ್ತು.

ಎರಡನೆಯದು ಇಂಗಾಲದ ಲೆಕ್ಕ. ಇಲ್ಲಿ ಒಂದು ಗೊಂದಲ ಓಡಾಡುತ್ತಿದೆ. ಯುರೋಪಿನ ಗಡಿಯಲ್ಲಿ ಕಾರ್ಬನ್ ಶುಲ್ಕ ಬಂತಂತೆ, ಅದಕ್ಕೇ ಪಾನೀಯದವರು ಸೋಲಾರ್ ಹಾಕುತ್ತಿದ್ದಾರಂತೆ ಅಂತ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಆ ವ್ಯವಸ್ಥೆಯ ಪಟ್ಟಿಯಲ್ಲಿರುವುದು ಸಿಮೆಂಟ್, ಕಬ್ಬಿಣ ಮತ್ತು ಉಕ್ಕು, ಅಲ್ಯೂಮಿನಿಯಂ, ರಸಗೊಬ್ಬರ, ವಿದ್ಯುತ್, ಹೈಡ್ರೋಜನ್. ಪಾನೀಯ ಅದರಲ್ಲಿಲ್ಲ. ಒತ್ತಡ ಬರುವುದು ಕೊಳ್ಳುವವರ ಕಡೆಯಿಂದ. 2001ರಲ್ಲಿ ಮೊದಲು ಹೊರಬಂದ ಜಿಎಚ್‌ಜಿ ಪ್ರೋಟೋಕಾಲ್ (ಹಸಿರುಮನೆ ಅನಿಲಗಳ ಲೆಕ್ಕ ಬರೆಯುವ ಕ್ರಮ) ಪ್ರಕಾರ ಹೊರಸೂಸುವಿಕೆಯನ್ನು ಮೂರು ಖಾತೆಯಲ್ಲಿ ಬರೆಯುತ್ತಾರೆ. ನಿಮ್ಮ ಬಾಯ್ಲರ್ ಹೊಗೆ ಒಂದನೆಯದು, ಕೊಂಡ ಕರೆಂಟಿನದು ಎರಡನೆಯದು, ಕಚ್ಚಾವಸ್ತು, ಸಾಗಣೆಯಂಥ ಮಿಕ್ಕ ಹಿಂದುಮುಂದಿನದೆಲ್ಲ ಮೂರನೆಯದು. ನಿಮ್ಮ ಒಂದು ಮತ್ತು ಎರಡು ಸೇರಿ ನಿಮ್ಮಿಂದ ಕೊಳ್ಳುವ ದೊಡ್ಡ ಅಂಗಡಿಯ ಮೂರನೇ ಖಾತೆಗೆ ಹೋಗಿ ಕೂರುತ್ತವೆ. ತನ್ನ ಖಾತೆ ಇಳಿಸುತ್ತೇನೆ ಅಂತ ಆ ಅಂಗಡಿ ಸಾರಿದ್ದರೆ ನಿಮ್ಮ ಮೀಟರ್ ಓದನ್ನು ಕೇಳಿಯೇ ಕೇಳುತ್ತದೆ. ಪ್ಯಾನೆಲ್ ಇಳಿಸುವುದು ಎರಡನೆಯದನ್ನು ಮಾತ್ರ.

ನನ್ನ ಒಂದು ತಕರಾರು ಪ್ಯಾಕಿಂಗ್ ಬಗ್ಗೆ. ಒಮ್ಮೆ ಬಳಸಿ ಎಸೆಯುವ ಗಾಜು, ಅಲ್ಯೂಮಿನಿಯಂ ಕ್ಯಾನ್‌ಗಳಲ್ಲಿ ಮಾರುವ ಪಾನೀಯದ ಇಂಗಾಲದ ಲೆಕ್ಕದಲ್ಲಿ ಸಾಮಾನ್ಯವಾಗಿ ದೊಡ್ಡ ತುಂಡು ಒಳಗಿನ ದ್ರವದ್ದಲ್ಲ, ಹೊರಗಿನ ಡಬ್ಬಿಯದು. ಅದಿರಿನಿಂದ ಬಂದ ಒಂದು ಕಿಲೋ ಅಲ್ಯೂಮಿನಿಯಂ ಕರಗಿಸಿ ತೆಗೆಯಲು ಸುಮಾರು 14 ಯೂನಿಟ್ ಬೇಕು. ಹಳೆ ಕ್ಯಾನ್ ಕರಗಿಸಿದರೆ ಅದಿರಿನಿಂದ ಹೊಸದು ಮಾಡುವ ಶಕ್ತಿಯ ಶೇಕಡಾ 5ರಷ್ಟು ಸಾಕು. ಹಾಗಾಗಿ ರಫ್ತಿಗೆ ಹಸಿರು ಪಾನೀಯ ಅಂತ ಬೋರ್ಡ್ ಹಾಕಿದ ಕಂಪನಿಯನ್ನು ನಾನು ಮೊದಲು ಕೇಳುವುದು ಮೆಗಾವ್ಯಾಟ್ ಎಷ್ಟು ಅಂತಲ್ಲ. ಕ್ಯಾನ್‌ನಲ್ಲಿ ಹಳೆ ಲೋಹ ಎಷ್ಟು, ಮಧ್ಯಾಹ್ನ ಮಿಕ್ಕ ಕರೆಂಟಿನಿಂದ ಮಂಜು ಮಾಡುತ್ತೀರಾ, ಬಾಯ್ಲರ್‌ಗೆ ಏನು ಸುಡುತ್ತೀರಿ, ಈ ಮೂರು.